ಬ್ರಿಗಿಟ್ಟೆಯವರ ಅಜ್ಜಿಯ ಅಜ್ಜ

ಹಿರಿಯರ ಬಗ್ಗೆ ನನಗೆ ಬಹಳ ಆಸಕ್ತಿ. ಆದರೆ ಅವರು ಬೇರೆಯವರ ಮನೆಯ ಹಿರಿಯರಾಗಿರಬೇಕು, ಅಷ್ಟೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ನಮ್ಮವರು ಎಂದರೆ ತಿಥಿ ನೆನಪಿಟ್ಟುಕೊಳ್ಳಬೇಕು, ವಡೆ ಕರಿಯಬೇಕು, ಯಾರ ಫೋಟೋ ಯಾರ ಮನೆಗೆ ಅಂತ ತಮ್ಮನ ಜೊತೆ ಜಗಳ ಆಡಬೇಕು. ಬೇರೆಯವರ ಮುತ್ತಜ್ಜನಾದರೆ ಕಾಫಿ ಕುಡಿಯುತ್ತಾ ಹಾಯಾಗಿ ಹುಡುಕಬಹುದು. ಸಿಕ್ಕಿದರೆ ಸಂತೋಷ, ಸಿಗದಿದ್ದರೆ ಕೇಕ್ ಅಂತೂ ಸಿಕ್ಕಿರುತ್ತದೆ.

ನ್ಯೂರೆಂಬರ್ಗಿನ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬ್ರಿಗಿಟ್ಟೆ ಇದ್ದಾರೆ. ಎಪ್ಪತ್ತಾರು ವಯಸ್ಸು, ಒಬ್ಬರೇ. ಹುಟ್ಟಿ ಬೆಳೆದದ್ದು ರೂರ್ ಕಡೆ, ಕಲ್ಲಿದ್ದಲ ಗಣಿಗಳ ಊರಿನಲ್ಲಿ. ಅವರ ಅಜ್ಜಿಯ ಅಜ್ಜ ಮೈಕೆಲ್ ಎಂಬಾತ ಐರ್ಲೆಂಡಿನವನಂತೆ. ಅಲ್ಲಿನ ಮೊದಲ ಗಣಿಯ ಬಾವಿ ತೋಡಲು ಬಂದ ಐರಿಷ್ ತಂಡದಲ್ಲಿದ್ದನಂತೆ. ಈ ‘ಅಂತೆ’ಯನ್ನು ತೆಗೆದುಹಾಕುವುದೇ ಬ್ರಿಗಿಟ್ಟೆಯವರ ವೃದ್ಧಾಪ್ಯದ ಕೆಲಸ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಇಲ್ಲ, ಗದ್ದಲ ಇಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ. ಹಾಗಾಗಿ ಮಧ್ಯಾಹ್ನ ನಾನು ಮೇಲೆ ಹತ್ತಿ ಅವರ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಐರ್ಲೆಂಡಿನ ಚರ್ಚಿನ ಹಳೆಯ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿ; ಓದಿ ಹೇಳುವುದು ನನ್ನ ಡ್ಯೂಟಿ. ಒಂದೇ ಹಳ್ಳಿಯಲ್ಲಿ ಒಂದೇ ಮನೆತನದ ಐದು ಮೈಕೆಲ್‌ಗಳು! ಬ್ರಿಗಿಟ್ಟೆ ತಲೆಯ ಮೇಲೆ ಕೈ ಹೊತ್ತರು. ನನಗೇನೂ ಆಶ್ಚರ್ಯವಾಗಲಿಲ್ಲ. ಭದ್ರಾವತಿಯ ನಮ್ಮ ಕಬ್ಬಿಣದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಹನ್ನೊಂದು ಮಂಜುನಾಥರಿದ್ದರು. ಕ್ರೇನ್ ಮಂಜ, ಕ್ಯಾಂಟೀನ್ ಮಂಜ ಅಂತ ಕರೆದು ನಾವು ಸುಧಾರಿಸಿಕೊಂಡಿರಲಿಲ್ಲವೇ?

ನಿಜ ಹೇಳಬೇಕೆಂದರೆ ನಾನು ಓದುತ್ತಿದ್ದದ್ದು ಕಡಿಮೆ, ತೂಕಡಿಸುತ್ತಿದ್ದದ್ದು ಹೆಚ್ಚು. ಬಿಸಿಲು ಮೇಜಿನ ಮೇಲೆ ನಿಧಾನವಾಗಿ ಸರಿಯುತ್ತಿರುತ್ತಿತ್ತು. ಕಾಫಿ ತಣ್ಣಗಾಗುತ್ತಿತ್ತು. ಆ ಹಳೆಯ ಕೈಬರಹ ಇರುವೆ ಸಾಲಿನಂತೆ ಕದಲಲು ಶುರುವಾದರೆ ನಾನು ಅಲ್ಲಿರುತ್ತಿರಲಿಲ್ಲ. ಮೈಕೆಲ್ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹಡಗು ಹತ್ತುತ್ತಿದ್ದ. ಆಮೇಲೆ ಹಗ್ಗದ ತೊಟ್ಟಿಲಿನಲ್ಲಿ ಕೂತು ಭೂಮಿಯೊಳಗೆ ಇಳಿಯುತ್ತಿದ್ದ. ಇಳಿದಷ್ಟೂ ಮೇಲಿನ ಬೆಳಕು ಸಣ್ಣದಾಗಿ, ತಟ್ಟೆಯಷ್ಟಾಗಿ, ಬಟ್ಟಲಷ್ಟಾಗಿ, ಕೊನೆಗೆ ಅಂಗಿಯ ಗುಂಡಿಯಷ್ಟಾಗುತ್ತಿತ್ತು. ತಳದಲ್ಲಿ ನೋಡಿದರೆ ಅದು ರೂರ್ ಅಲ್ಲವೇ ಅಲ್ಲ. ಭದ್ರಾವತಿಯ ಫ್ಯಾಕ್ಟರಿ ಸೈರನ್ ಕೂಗುತ್ತಿದೆ, ಕುಲುಮೆಯ ಕೆಂಡದಂಥ ಕಿಟ್ಟ ಸುರಿದು ಆಕಾಶವೆಲ್ಲ ದಾಸವಾಳದ ಬಣ್ಣ, ಅಪ್ಪ ಸೈಕಲ್ ತಳ್ಳಿಕೊಂಡು ಗೇಟು ದಾಟುತ್ತಿದ್ದಾರೆ. ಹಿಂದೆಯೇ ಮೈಕೆಲ್ ಕೂಡ ಟಿಫಿನ್ ಕ್ಯಾರಿಯರ್ ಹಿಡಿದು ಬರುತ್ತಿದ್ದಾನೆ. ಕೆಳಗೆ ಬಂದರೆ ನನ್ನ ಗಂಡ, “ಏನೇ, ನಿನ್ನ ಐರಿಷ್ ಮಾವ ಸಿಕ್ಕಿದ್ನಾ?” ಅಂತ ಕೇಳುತ್ತಿದ್ದರು. “ಸಿಕ್ಕಿದ್ದ, ಮಾತಾಡ್ಸೋ ಹೊತ್ತಿಗೆ ಎಚ್ಚರ ಆಯ್ತು” ಅನ್ನುತ್ತಿದ್ದೆ.

ಈ ಹಾಯಾದ ವ್ಯವಹಾರಕ್ಕೆ ಹೋದ ವಸಂತದಲ್ಲಿ ಬಿಸಿ ಮುಟ್ಟಿತು. ರೂರ್‌ನ ಆ ಊರಿನವರು ಮುಚ್ಚಿದ ಗಣಿಯ ಅಂಗಳದಲ್ಲಿ ಒಂದು ಗೋಡೆ ಕಟ್ಟಿ, ಮೊದಲ ಬಾವಿ ತೋಡಿದವರ ಹೆಸರನ್ನೆಲ್ಲ ಕೆತ್ತಿಸುತ್ತಾರಂತೆ. ಬ್ರಿಗಿಟ್ಟೆ ಬರೆದು ಕೇಳಿದರು. ಉತ್ತರ ಬಂತು: ನಮ್ಮ ಪಟ್ಟಿಯಲ್ಲಿ ಮೈಕೆಲ್‌ಗಳು ಹಲವರಿದ್ದಾರೆ, ನಿಮ್ಮವನು ಇಲ್ಲಿ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಡಿ, ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತೇವೆ. ಇದರ ಮೇಲೆ ಅವರ ದೊಡ್ಡಪ್ಪನ ಮಗ ಫೋನಿನಲ್ಲಿ ನಕ್ಕನಂತೆ. “ಅವನು ಬಾವಿ ತೋಡಿದವನಲ್ಲ, ಗಣಿ ಬಾಗಿಲಲ್ಲಿ ಕಾಲುಚೀಲ ಮಾರ್ತಿದ್ದವನು” ಅಂದನಂತೆ.

“ಅಜ್ಜಿಯನ್ನೂ ಹೀಗೇ ಆಡಿಕೊಳ್ತಿದ್ರು,” ಅಂದರು ಬ್ರಿಗಿಟ್ಟೆ. “ಅವಳು ಸಾಯೋವರೆಗೂ ಹೇಳಿದಳು, ಅಜ್ಜ ಕೆಳಗೆ ಇಳೀತಿದ್ದ ಅಂತ. ಒಬ್ಬರೂ ನಂಬಲಿಲ್ಲ.” ಎಪ್ಪತ್ತಾರರ ಮುಖದಲ್ಲಿ ಏಳು ವರ್ಷದ ಹುಡುಗಿ ಕಾಣಿಸಿದಳು. ಆವತ್ತು ನನಗೆ ತೂಕಡಿಕೆ ಬರಲಿಲ್ಲ.

ಕೊನೆಯ ವಾರ ಅವರಿಗೆ ಮಂಡಿನೋವು. ಕೆಲ್ಲರಿನಿಂದ, ಅಂದರೆ ಕಟ್ಟಡದ ನೆಲಮಾಳಿಗೆಯಿಂದ, ಪ್ಲಮ್ ಜಾಮ್ ತಂದುಕೊಡಿ ಅಂತ ಕೀಲಿ ಕೊಟ್ಟರು. ಕೀಲಿಗೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿತ್ತು. ಮೇಲೆ ತೂತು, ನಡುವೆ ಮೂವತ್ತೆಂಟು ಎಂಬ ಅಂಕಿ, ಕೆಳಗೆ ಒಂದಕ್ಕೊಂದು ಅಡ್ಡ ಇಟ್ಟ ಎರಡು ಸುತ್ತಿಗೆ. ಅರ್ಧ ಮೆಟ್ಟಿಲು ಇಳಿದವಳು ತಿರುಗಿ ಅವರ ಅಡುಗೆಮನೆಗೆ ಓಡಿದೆ.

“ಬ್ರಿಗಿಟ್ಟೆ, ಇದೇನಿದು?”

“ಅದಾ? ಅಜ್ಜಿಯ ನಾಯಿಯ ಬಿಲ್ಲೆ. ನಾಯಿ ತೆರಿಗೆ ಕಟ್ಟಿದರೆ ಕೊಡ್ತಾರಲ್ಲ, ಅದು. ಗಣಿಯ ಸುತ್ತಿಗೆ ಗುರುತು ನಮ್ಮೂರಲ್ಲಿ ಎಲ್ಲದರ ಮೇಲೂ ಇರ್ತಿತ್ತು. ನಾಯಿ ಇದ್ದದ್ದು ನನಗೆ ನೆನಪಿಲ್ಲ.”

“ನಾಯೀನೂ ಅಲ್ಲ, ನರೀನೂ ಅಲ್ಲ! ಇದು ಹಾಜರಿ ಬಿಲ್ಲೆ ರೀ!” ಉತ್ಸಾಹದಲ್ಲಿ ಅರ್ಧ ಕನ್ನಡದಲ್ಲೇ ಕೂಗಿದೆ. ನಮ್ಮಪ್ಪನ ಹತ್ತಿರವೂ ಇಂಥದ್ದೇ ಒಂದು ಇತ್ತು. ಒಳಗೆ ಹೋಗುವಾಗ ಬೋರ್ಡಿನಿಂದ ತೆಗೆದುಕೊಳ್ಳಬೇಕು, ಹೊರಗೆ ಬರುವಾಗ ನೇತುಹಾಕಬೇಕು. “ಮೊಳೆ ಖಾಲಿ ಇದ್ರೆ ಮನುಷ್ಯ ಇನ್ನೂ ಒಳಗಿದಾನೆ ಅಂತ” ಎನ್ನುತ್ತಿದ್ದರು ಅಪ್ಪ. ನಿವೃತ್ತಿಯ ದಿನ ವಾಪಸ್ ಕೊಡಬೇಕಿತ್ತು. ಜೀವನದಲ್ಲಿ ಸುಳ್ಳು ಹೇಳದ ಅಪ್ಪ, ಕಳೆದುಹೋಯಿತು ಅಂತ ಬರೆದುಕೊಟ್ಟು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ಮೈಕೆಲ್ ಕೂಡ ಅದೇ ಕಳ್ಳತನ ಮಾಡಿದ್ದ. ಬ್ರಿಗಿಟ್ಟೆ ಮಂಡಿನೋವು ಮರೆತು ಎದ್ದುನಿಂತರು. ಬಿಲ್ಲೆಯನ್ನು ಎರಡೂ ಅಂಗೈಗಳ ನಡುವೆ ಮುಚ್ಚಿ ಹಿಡಿದು ಕಿಟಕಿಯ ಹತ್ತಿರ ಹೋದರು.

ಫೋಟೋ ಕಳಿಸಿದ ನಾಲ್ಕನೇ ದಿನ ಉತ್ತರ ಬಂತು. ಹಳೆಯ ಹಾಜರಿ ಪುಸ್ತಕದಲ್ಲಿ ಮೂವತ್ತೆಂಟರ ಮುಂದೆ ‘ಮೈಕೆಲ್, ಐರಿಷ್, ಬಾವಿ ತೋಡುವವ’ ಅಂತ ಇದೆಯಂತೆ. ಹೆಸರು, ನಂಬರ್ ಎರಡನ್ನೂ ಕೆತ್ತಿಸುತ್ತಾರಂತೆ. ಬ್ರಿಗಿಟ್ಟೆ ಅಳುತ್ತಾರೇನೋ ಅಂದುಕೊಂಡಿದ್ದೆ. ಅವರು ನೇರವಾಗಿ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ, “ನಿನಗೆ ಕಾಲುಚೀಲ ಬೇಕಾ?” ಎಂದಷ್ಟೇ ಕೇಳಿ ಇಟ್ಟುಬಿಟ್ಟರು.

ನಾನು ಆ ದಿನ ನೆಲದ ಮೇಲಿರಲಿಲ್ಲ. ಅಪ್ಪನ ಬಿಲ್ಲೆಯ ನಂಬರ್ ಎಷ್ಟಿತ್ತು ನೋಡೋಣ ಅಂತ ಭದ್ರಾವತಿಯ ತಮ್ಮನಿಗೆ ಫೋನ್ ಮಾಡಿದೆ.

“ಅಕ್ಕ, ಕ್ವಾರ್ಟರ್ಸ್ ಖಾಲಿ ಮಾಡೋವಾಗ ಅದನ್ನ ಹಳೇ ಹಿತ್ತಾಳೆ ಜೊತೆ ಪಾತ್ರೆ ಅಂಗಡಿಗೆ ಹಾಕಿದ್ದು ನೀನೇ ಅಲ್ವೇನೆ? ಕಿಲುಬು ಹಿಡಿದಿತ್ತು, ಉಜ್ಜಿ ಕೂಡ ನೋಡದೆ ‘ಇದ್ಯಾವ್ದೋ ಬೀಗದ ಬಿಲ್ಲೆ, ಸಾಯ್ಲಿ’ ಅಂದೆ. ಅದನ್ನೂ ಸೇರಿಸಿ ತೂಕಕ್ಕೆ ಸ್ಟೀಲ್ ಜರಡಿ ತಗೊಂಡೆ.”

“ನೀನ್ಯಾಕೋ ತಡೀಲಿಲ್ಲ?”

“ನಿನ್ನನ್ನ ತಡೆಯೋಕಾಗುತ್ತೇನೆ ಮಾರಾಯ್ತಿ!”

ಮರುದಿನ ಬ್ರಿಗಿಟ್ಟೆ ಪ್ಲಮ್ ಕೇಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಹೊಚ್ಚಹೊಸ ಫೈಲು. ಅದರ ಬೆನ್ನ ಮೇಲೆ ದುಂಡಗೆ ನಮ್ಮಪ್ಪನ ಹೆಸರು. “ಇನ್ನು ನಿಮ್ಮ ತಂದೆಯವರ ಸರದಿ. ಮೊದಲು ನಂಬರ್ ಹೇಳಿ,” ಅಂತ ಪೆನ್ನಿನ ಮುಚ್ಚಳ ತೆಗೆದರು. ಜರಡಿಯ ಕಥೆ ಹೇಳಬಹುದಿತ್ತು. ಅವರ ಮುಖ ನೋಡಿ ಬಾಯಿ ಬರಲಿಲ್ಲ. ಎಲ್ಲಿಂದಲೋ ಒಂದು ನಂಬರ್ ಹೊರಟುಬಿಟ್ಟಿತು: “ಎರಡು ಸಾವಿರದ ಆರುನೂರ ಹದಿನೇಳು.” ಜರ್ಮನ್ನರ ಪದ್ಧತಿಯಂತೆ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡು, ಶಾಯಿಯಲ್ಲಿ ಬರೆದು, ಸ್ಕೇಲ್ ಇಟ್ಟು ಕೆಳಗೆ ಗೆರೆ ಎಳೆದರು. ಇನ್ನು ಅದನ್ನು ಅಳಿಸಲು ಯಾರಿಂದಲೂ ಸಾಧ್ಯವಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಅದು ನನ್ನ ಹಳೇ ಸ್ಕೂಟರ್ ನಂಬರ್ ಕಣೇ.”