ಸರ್ವರ್‌ನ ಸಂಕೋಚ

ಪಣಕಹಳ್ಳಿ ರೈತರ ಸಂಘದ ಕ್ಯಾಮೆರಾ ಚಿತ್ರ, ಕೆಸರಲ್ಲಿ ಹೂತ ಎತ್ತಿನಂತೆ ಮತ್ತೆ ನಿಂತುಹೋಯಿತು. ಕೊಯಮತ್ತೂರಿನ ವ್ಯಾಪಾರಿ ಫೋನಿನಲ್ಲೇ ಕೋಸಿನ ರಾಶಿ ನೋಡಿ ಲೋಡು ಕೊಳ್ಳುವವನು. ಇನ್ನೊಮ್ಮೆ ಚಿತ್ರ ನಿಂತರೆ ಬೇರೆ ಊರು ನೋಡಿಕೊಳ್ಳುತ್ತೇನೆ ಎಂದು ರೇಗಿದ್ದ.

"ಇವತ್ ಸಂಜೇನೂ ನಿಂತ್ರ ನಿನ್ ಕೆಲ್ಸ ಇಲ್ಲ ಕಣ್ಲಾ," ಎಂದರು ಸಂಘದ ಅಧ್ಯಕ್ಷ ನಂಜುಂಡಸ್ವಾಮಿ, ಸರ್ವರ್ ನೋಡಿಕೊಳ್ಳುವ ಮನೋಹರನಿಗೆ.

"ಆ ಪೆಟ್ಗೆಗ ಒಸಿ ಗಾಳಿ ಬೀಸ್ಲಾ," ಎಂದ ಮೂಟೆ ಹೊರುವ ಮಾದು.

"ತಂತಿ ಒರ್ಸು," ಎಂದರು ಕೋಸು ಬೆಳೆದ ಚನ್ನಬಸಮ್ಮ.

"ತಂತೀದಲ್ಲ ಅಕ್ಕ," ಎಂದ ಮನೋಹರ. "ನೆಟ್ಟಿನ ಲೈನು ಬೆಟ್ಟದಿಂದ ಗಾಳೀಲಿ ಬತ್ತದ. ಮರ ಅಲ್ಲಾಡಿದ್ರ ಚೂರುಪಾರು ಕಳ್ದೋಯ್ತದ. ಅಷ್ಟಕ್ಕೇ ಈ ಸರ್ವರು, ದಿಂಬಂ ಘಾಟಲ್ಲಿ ಲಾರಿ ಜಾಮಾಯ್ತು ಅನ್ಕಂಡು ನಿಧಾನ ಮಾಡ್ಬುಡ್ತದ. ನೋಡುದ್ರ ದಾರಿ ಖಾಲಿ."

"ಅದ್ಕೂ ಸಂಕೋಚ್ವಾ? ನಮ್ ಬೀಗ್ರಂಗದ ಬುಡು," ಎಂದರು ಚನ್ನಬಸಮ್ಮ.

ಮನೋಹರ ಸರ್ವರ್‌ನ ದಟ್ಟಣೆ ನಿಯಂತ್ರಣದ ಹಳೆಯ ಕ್ರಮ ತೆಗೆದು, ದಾರಿ ಎಷ್ಟು ಹಿಡಿಯುತ್ತದೆಂದು ಅಳೆದು ಕಳಿಸುವ ಹೊಸ ಕ್ರಮ ಹಾಕಲು ಕುಳಿತ. ಮೊದಲ ಸಲ ಹೊಸ ಕ್ರಮದ ಹೆಸರು ತಪ್ಪಾಗಿ ಬರೆದ. ಮತ್ತೆ ಸರಿಯಾಗಿ ಹಾಕುವಷ್ಟರಲ್ಲಿ ಗಾಳಿ ಬೀಸಲು ಬಂದ ಮಾದು ವೈರು ಎಡವಿ ಕರೆಂಟು ಕಿತ್ತ. ಸರ್ವರ್ ಎದ್ದಾಗ ಕೂಸಿನಂತೆ ಎಲ್ಲ ಮರೆತಿತ್ತು. ಈ ಸಲ ಮನೋಹರ ಎಂದೂ ಅಳಿಯದಂತೆ ಬರೆದಿಟ್ಟ.

ಸಂಜೆ ವ್ಯಾಪಾರಿ ನೋಡಿದ. ಚಿತ್ರ ಕನ್ನಡಿಯಂತಿತ್ತು. ನಂಜುಂಡಸ್ವಾಮಿ ಮನೋಹರನ ಬೆನ್ನು ತಟ್ಟಿದರು.

ಒಂದು ಕೋಸು ತಿರುಗಿಸಿ ತೋರಿಸಿ ಎಂದ ವ್ಯಾಪಾರಿ. ಅವನು ದಿನವೂ ಕೇಳುತ್ತಿದ್ದುದು ಅದನ್ನೇ. ದಿನವೂ ಕೋಸು ಅಲ್ಲಾಡಿ ಚಿತ್ರದ ಭಾರ ಹೆಚ್ಚಿದೊಡನೆ ಅದು ನಿಲ್ಲುತ್ತಿತ್ತು. ಅವನು ಬೇಸತ್ತು, ಸರಿ ಕಳಿಸಿ ಎನ್ನುತ್ತಿದ್ದ. ಚೆಂದದ ಮುಖ ಮೇಲೆ ಮಾಡಿ ರಾಶಿ ಹಾಕುವುದು ಊರಿನ ಪದ್ಧತಿ. ಚನ್ನಬಸಮ್ಮ ರೂಢಿಯಂತೆ ಕೋಸು ತಿರುಗಿಸಿದರು.

ಚಿತ್ರವೂ ತಿರುಗಿತು. ಕೊಯಮತ್ತೂರಿನವರೆಗೂ ತೂತು ಕಂಡಿತು. ತೂತಿನಿಂದ ಹಸಿರು ಹುಳುವೊಂದು ತಲೆಯೆತ್ತಿ, ಯಾರು ಕರೆದದ್ದು ಎಂಬಂತೆ ಕ್ಯಾಮೆರಾ ನೋಡಿತು.

ವ್ಯಾಪಾರಿ ಲೋಡು ಬೇಡವೆಂದ. ಇಷ್ಟು ದಿನ ತಾವು ಬೈದ ಸರ್ವರ್‌ನ ಸಂಕೋಚವೇ ತಮ್ಮ ಮಾನ ಕಾದಿತ್ತೆಂದು ಎಲ್ಲರಿಗೂ ಈಗ ಹೊಳೆಯಿತು.

"ಹಳೇದ್ನೇ ಆಕ್ಬುಡ್ಲಾ ಅಣ್ಣ?" ಎಂದ ಮನೋಹರ ಮೆಲ್ಲಗೆ.

"ನೋಡ್ದೋನು ಮರ್ತಾನಾ?" ಎಂದರು ನಂಜುಂಡಸ್ವಾಮಿ. ಸ್ವಲ್ಪ ಯೋಚಿಸಿ, ಹೆಗಲ ಮೇಲೆ ಕೈಯಿಟ್ಟರು. "ಇನ್ಮೇಲ ಚಿತ್ರ ಇಂಗೇ ಇರ್ಲಿ. ನಿನ್ ಕೆಲ್ಸವೂ ಇರ್ತದ, ಭಯಪಡ್ಬ್ಯಾಡ. ನಾಳೆ ಬೆಳಿಗ್ಗೆ ಚನ್ನಬಸಮ್ಮನ ಒಲಕ್ಕ ಬಾ. ಉಳ ಆಯ್ಬೇಕು."