ಸಿದೆರಿಸನ ಸ್ವತಂತ್ರ ಸಂಚಾರ

ಹಡಗು ನಿಮಗಾಗಿ ಕಾಯುವುದಿಲ್ಲ. ಟಿಕೆಟ್ಟಿನ ಬೆನ್ನಿಗೆ ಇದನ್ನು ಅಚ್ಚು ಹಾಕಿರುತ್ತಾರೆ, ಮೈಕಿನಲ್ಲಿ ಮೂರು ಸಲ ಕೂಗುತ್ತಾರೆ. ಆದರೂ ಪ್ರತಿ ಬಂದರಿನಲ್ಲೂ ಯಾರಾದರೊಬ್ಬ ಮಹಾನುಭಾವ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಲೇ ಇರುತ್ತಾನೆ. ಹಡಗಿನವರೇ ಮಾರಿದ ಪ್ಯಾಕೇಜಿನಲ್ಲಿ ಊರು ನೋಡಲು ಹೋದವರು ತಡಮಾಡಿದರೆ ಹಡಗು ನಿಂತಿರುತ್ತದೆ. ತಮ್ಮ ಪಾಡಿಗೆ ತಾವು ಅಲೆಯಲು ಹೋದವರು ತಡಮಾಡಿದರೆ ಹೊರಟುಹೋಗುತ್ತದೆ. ಇದು ಯಾವ ಸೀಮೆಯ ನ್ಯಾಯ ಎಂದು ನನ್ನ ಮೇಲೆ ರೇಗಬೇಡಿ, ಹಡಗು ನನ್ನದಲ್ಲ.

ಸಂತೋರಿನಿ ದ್ವೀಪದಲ್ಲಿ ಈ ನಿಯಮವನ್ನು ಸಿದೆರಿಸನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಅಲ್ಲಿ ಕಡಲು ಎಷ್ಟು ಆಳವೆಂದರೆ ದೊಡ್ಡ ಹಡಗುಗಳು ದಡಕ್ಕೆ ಬರದೆ ನಡುನೀರಿನಲ್ಲೇ ನಿಲ್ಲುತ್ತವೆ. ಜನರನ್ನು ಲಾಂಚುಗಳಲ್ಲಿ ತುಂಬಿಕೊಂಡು ಬಂದು ಬಂಡೆಯ ಬುಡದ ಹಳೇ ಬಂದರಿನಲ್ಲಿ ಇಳಿಸಬೇಕು, ಸಂಜೆ ಮತ್ತೆ ತುಂಬಿಕೊಂಡು ಹೋಗಬೇಕು. ಮೂವತ್ತೈದು ವರ್ಷ ಇಂಥ ಲಾಂಚು ನಡೆಸಿದವನು ಸಿದೆರಿಸ್. ಕೊನೆಯ ಲಾಂಚು ನಾಲ್ಕೂವರೆಗೆ ಎಂದರೆ ನಾಲ್ಕೂವರೆಗೇ. ಹಗ್ಗ ಬಿಚ್ಚಿದ ಮೇಲೆ ಬಿಷಪ್ಪರೇ ನಿಲುವಂಗಿ ಎತ್ತಿಕೊಂಡು ಓಡಿ ಬಂದರೂ ಅವರಿಗೆ ಕೈಬೀಸಿ ಬೀಳ್ಕೊಡುವುದು ಅವನ ಪರಮ ಧರ್ಮ. ಹಾಗೆ ಬಿಟ್ಟು ಹೋದವರ ಕಥೆಗಳನ್ನು ಕಾಫಿ ಅಂಗಡಿಯಲ್ಲಿ ಕೂತು ತೊಡೆ ತಟ್ಟಿಕೊಂಡು ಹೇಳುತ್ತಿದ್ದ. ಅವರಲ್ಲಿ ಒಬ್ಬ ಮದುಮಗನೂ ಇದ್ದ. (ಮದುಮಗಳು ಹಡಗಿನಲ್ಲಿದ್ದಳು.)

ಅವನ ಹೆಂಡತಿ ಅಸಿಮಿನಾ, ಬಂಡೆಯ ನೆತ್ತಿಯ ಮೇಲಿನ ಒಂದು ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಹಾಸಿಗೆ ಬಟ್ಟೆ ಒಗೆದವಳು. ಆ ಹೋಟೆಲಿನ ಪ್ರತಿ ಕೋಣೆಯ ಕಿಟಕಿಯಿಂದಲೂ ಕೊಲ್ಲಿಯ ನಡುವಿನ ಕರಿಯ ಜ್ವಾಲಾಮುಖಿ ದ್ವೀಪ ಕಾಣುತ್ತದೆ. ಅತಿಥಿಗಳು ಬರುವುದೇ ಆ ನೋಟಕ್ಕೆ. ಬಟ್ಟೆ ಒಗೆಯುವ ಕೋಣೆಗೆ ಮಾತ್ರ ಕಿಟಕಿ ಇರಲಿಲ್ಲ. ಯಾಕಿರಬೇಕು? ಒಗೆಯುವವಳು ಒಗೆಯಬೇಕೋ, ನೋಡಬೇಕೋ?

"ಒಂದೇ ಒಂದು ಸಲ ನನ್ನ ಆ ಗುಡ್ಡಕ್ಕೆ ಕರಕೊಂಡು ಹೋಗು ಮಾರಾಯ" ಎಂದು ಅವಳು ಮದುವೆಯಾದ ವರ್ಷ ಕೇಳಿದ್ದಳು. ಗಂಡನ ಬಳಿ ಲಾಂಚು ಇತ್ತು. ಕಾಲು ಗಂಟೆಯ ದಾರಿ.

"ಅಲ್ಲೇನಿದೆ? ಕರೀ ಕಲ್ಲು, ಕೊಳೆತ ಮೊಟ್ಟೆ ವಾಸನೆ. ನಾಳೆ ನೋಡೋಣ" ಎಂದಿದ್ದ ಸಿದೆರಿಸ್.

ಆ ನಾಳೆಗೆ ಈಗ ನಲವತ್ತು ವರ್ಷ ತುಂಬಿತ್ತು.

ಅಸಿಮಿನಾ ನಿವೃತ್ತಳಾದಾಗ ಹೋಟೆಲಿನವರಿಗೆ ಇದ್ದಕ್ಕಿದ್ದಂತೆ ಕರುಳು ಚುರುಕ್ ಎಂದು, ನಾಲ್ಕು ದಿನದ ಹಡಗು ಯಾನಕ್ಕೆ ಎರಡು ಟಿಕೆಟ್ ಕೊಟ್ಟರು. ಯಾವ ಹಡಗಾದರೂ ಸರಿ, ನೀನೇ ಆರಿಸಿಕೋ ಎಂದರು. ಅವಳು ಪಟ್ಟಿಯ ಮೇಲೆ ಬೆರಳಾಡಿಸಿ ಒಂದನ್ನು ಆರಿಸಿದಳು. ಸಿದೆರಿಸ್ ಪಟ್ಟಿಯನ್ನು ಓದಲಿಲ್ಲ. ಓದುವಷ್ಟು ಪುರುಸೊತ್ತು ಅವನಿಗೆಲ್ಲಿ? ಮನೆ ನಾಲ್ಕು ದಿನ ಖಾಲಿ ಬಿದ್ದಿರುತ್ತದಲ್ಲ ಎಂದು ಅದನ್ನು ಜರ್ಮನಿಯ ಗಂಡಹೆಂಡತಿಗೆ ಬಾಡಿಗೆಗೆ ಕೊಡುವ ಗಡಿಬಿಡಿಯಲ್ಲಿದ್ದ.

ದೂರದ ಬಂದರಿಗೆ ಹೋಗಿ ಹಡಗು ಹತ್ತಿದ ಎರಡನೆಯ ಸಂಜೆ ಅವರ ಕೋಣೆಯ ಬಾಗಿಲ ಕೆಳಗಿಂದ ಒಂದು ಹಾಳೆ ತೂರಿ ಬಂತು. ನಾಳಿನ ಊರು, ನಾಳಿನ ಪ್ಯಾಕೇಜುಗಳು. ಸಿದೆರಿಸ್ ಕನ್ನಡಕ ಏರಿಸಿ ಓದಿದ, ಇಳಿಸಿ ಒರೆಸಿದ, ಮತ್ತೆ ಓದಿದ.

"ಅಸಿಮಿನಾ! ಇವರು ನಾಳೆ ನಮ್ಮೂರಿಗೇ ಹೋಗ್ತಾರಂತೆ!"

"ಹೌದು."

"ನಿಂಗೆ ಗೊತ್ತಿತ್ತಾ?"

"ನಾನೇ ಆರಿಸಿದ್ದು. ಏಳನೇ ನಂಬರು ನೋಡು, ಜ್ವಾಲಾಮುಖಿ ಪ್ರವಾಸ. ದೋಣಿ, ಗೈಡು, ನೆತ್ತಿವರೆಗೂ ನಡಿಗೆ. ನಾನು ಹೆಸರು ಕೊಟ್ಟಾಯ್ತು. ನಿಂದೂ ಕೊಡ್ಲಾ?"

ಸಿದೆರಿಸನ ಮೀಸೆ ಅದುರಿತು. "ಎದೆ ಮೇಲೆ ನಂಬರಿನ ಚೀಟಿ ಅಂಟಿಸ್ಕೊಂಡು, ಕೋಲಿಗೆ ಬಾವುಟ ಕಟ್ಟಿದವಳ ಹಿಂದೆ ಕುರಿ ಥರ ಹೋಗೋದಾ? ನಮ್ಮೂರಲ್ಲಿ? ಬಂದರಿನ ಲಾಂಚಿನವರೆಲ್ಲ ನನ್ನ ಶಿಷ್ಯರು ಕಣೇ! ಸಾಯೋತನಕ ಆಡ್ಕೊಳ್ತಾರೆ."

"ಹಾಗಾದ್ರೆ ನೀನೇ ಕರಕೊಂಡು ಹೋಗು."

"ಲಾಂಚು ಮಾರಿಬಿಟ್ನಲ್ಲ."

"ಇದ್ದಾಗ?"

ಈ ಪ್ರಶ್ನೆಗೆ ಅವನು ಕೆಮ್ಮಿದ. ಬಳಿಕ ಕೋಣೆಯ ಮಧ್ಯದಲ್ಲಿ ನಿಂತು ಘೋಷಿಸಿದ: "ನೋಡು, ಪ್ಯಾಕೇಜಲ್ಲಿ ಹೋದವ್ನು ತೋರಿಸಿದ್ದು ನೋಡ್ತಾನೆ. ನಾನು ಸ್ವತಂತ್ರವಾಗಿ ಸಂಚರಿಸ್ತೀನಿ. ಅಕ್ರೋತಿರಿಯ ಹಳೇ ಪಟ್ಟಣ, ಕೋಟೆ, ಕೆಂಪು ಮರಳಿನ ಕಡಲತೀರ, ಎಲ್ಲಾ ಮುಗಿಸಿ ನಿನಗಿಂತ ಮುಂಚೆ ವಾಪಸ್ ಬಂದಿರ್ತೀನಿ. ಯಾರು ಜಾಸ್ತಿ ನೋಡಿದ್ರು ಅಂತ ಲೆಕ್ಕ ಹಾಕೋಣ."

"ಆಗಲಿ ಕ್ಯಾಪ್ಟನ್ನೇ. ಸಮಯ ಮಾತ್ರ ನೋಡ್ಕೋ."

"ನಂಗೆ ಸಮಯ ಹೇಳ್ಕೊಡ್ತೀಯಾ?" ಎಂದು ಅವನು ನಕ್ಕ ನಗುವಿಗೆ ಪಕ್ಕದ ಕೋಣೆಯವರು ಗೋಡೆ ಕುಟ್ಟಿದರು.

ಬೆಳಗ್ಗೆ ಮೊದಲ ಲಾಂಚಿನಲ್ಲೇ ಇಳಿದ. ಲಾಂಚು ನಡೆಸುತ್ತಿದ್ದವನು ಮನೂಸೋಸ್, ಅಸಿಮಿನಾಳ ಚಿಕ್ಕಪ್ಪನ ಮಗ. ಸಿದೆರಿಸನೇ ಪಳಗಿಸಿದವನು. "ಭಾವ, ಕೊನೇದು ನಾಲ್ಕೂವರೆಗೆ" ಎಂದ.

"ಯಾರಿಗೆ ಹೇಳ್ತಿದೀಯೋ? ನಿಂಗೆ ಗಡಿಯಾರ ನೋಡೋದು ಕಲಿಸಿದ್ದೇ ನಾನು."

ಕೇಬಲ್ ಕಾರಿನಲ್ಲಿ ಮೇಲೇರಿ ಅಕ್ರೋತಿರಿಯ ಬಸ್ಸು ಹಿಡಿದು ಕಿಟಕಿ ಪಕ್ಕ ಕೂತ. ಹೊಟ್ಟೆ ಒಳಗೆಳೆದು ಪ್ರವಾಸಿಯಂತೆ ಹೊರಗೆ ನೋಡಿದ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಬಸ್ಸು ಅವನ ಸ್ವಂತ ಹಳ್ಳಿ ಮೆಗಾಲೋಹೋರಿಯಲ್ಲಿ ನಿಂತಿತು. ದೊಡ್ಡಪ್ಪನ ಮಗ, ಬೇಕರಿಯ ಪಂತೆಲಿಸ್, ತಲೆಯ ಮೇಲೆ ಸಿಹಿ ತಿಂಡಿಯ ತಟ್ಟೆ ಇಟ್ಟುಕೊಂಡು ರಸ್ತೆ ದಾಟುತ್ತಿದ್ದವನು ಕಿಟಕಿಯೊಳಗಿನ ಮೀಸೆಯನ್ನು ಕಂಡ.

"ಸಿದೆರಿಸ್! ಅಯ್ಯೋ ನನ್ನಪ್ಪಾ! ನನ್ನ ಹೆಸರಿನ ಹಬ್ಬಕ್ಕೆ ಅಂತ ಹಡಗು ಬಿಟ್ಟು ಇಳಿದು ಬಂದ್ಯಾ!"

ಜುಲೈ ಇಪ್ಪತ್ತೇಳು. ಸಂತ ಪಂತೆಲೆಯಿಮೋನನ ದಿನ. ಆ ಸಂತನ ಹೆಸರು ಹೊತ್ತ ಪಂತೆಲಿಸರೆಲ್ಲ ಅಂದು ಮನೆಯ ಬಾಗಿಲು ಹಾರುಹೊಡೆದು ಕೂತಿರುತ್ತಾರೆ. ಕರೆಯದೆಯೂ ಹೋಗಿ, ನೂರು ವರ್ಷ ಬಾಳು ಎಂದು ಹರಸಿ, ಕೊಟ್ಟದ್ದನ್ನು ತಿಂದು ಬರಬೇಕು. ಈ ವರ್ಷ ಕಡಲ ಮೇಲಿರುತ್ತೇನೆ, ಪಾರಾದೆ ಎಂದುಕೊಂಡಿದ್ದ ಸಿದೆರಿಸ್, ದಿನಾಂಕವನ್ನೇ ಮರೆತಿದ್ದ. ಈಗ ಇಳಿಯದೆ ಗತಿಯಿರಲಿಲ್ಲ. ಹಳ್ಳಿಯಲ್ಲಿ ಪಂತೆಲಿಸರು ನಾಲ್ವರು. ಒಬ್ಬನ ಮನೆಗೆ ಹೋಗಿ ಇನ್ನೊಬ್ಬನನ್ನು ಬಿಟ್ಟರೆ ಮುಂದಿನ ಈಸ್ಟರ್‌ವರೆಗೆ ಮಾತಿಲ್ಲ, ಕತೆಯಿಲ್ಲ.

ಬೇಕರಿ ಪಂತೆಲಿಸನ ಮನೆಯಲ್ಲಿ ಬಾದಾಮಿ ಸಿಹಿ, ಕಾಫಿ. ಬೀಗ ಪಂತೆಲಿಸನ ಮನೆಯಲ್ಲಿ ಟೊಮ್ಯಾಟೊ ಮುರಬ್ಬ, ಕಾಫಿ, ದ್ರಾಕ್ಷಾರಸ, ಬೀಗತಿಯ ಮಂಡಿನೋವಿನ ಸಮಗ್ರ ಇತಿಹಾಸ. ತೊಂಬತ್ತರ ಮುದುಕ ಪಂತೆಲಿಸನ ಮನೆಯಲ್ಲಿ ಹಳದಿ ಬೇಳೆಯ ಊಟ. "ತಿನ್ನೋ, ಮುಂದಿನ ವರ್ಷ ನಾನಿರ್ತೀನೋ ಇಲ್ವೋ" ಎಂದು ಮುದುಕ ಮೂರು ಸಲ ಬಡಿಸಿದ. (ಹದಿನೈದು ವರ್ಷದಿಂದ ಹೀಗೇ ಬಡಿಸುತ್ತಿದ್ದಾನೆ.)

ಕೊನೆಯವನು ಗೋಡೆ ಪಂತೆಲಿಸ್. ಹಿತ್ತಿಲ ಗೋಡೆಯ ಜಗಳದಲ್ಲಿ ಆರು ವರ್ಷದಿಂದ ಸಿದೆರಿಸನೊಡನೆ ಮಾತು ಬಿಟ್ಟವನು. ದಾಟಿಹೋಗಿಬಿಡೋಣ ಎಂದು ಸಿದೆರಿಸ್ ತುದಿಗಾಲಲ್ಲಿ ನಡೆಯುತ್ತಿದ್ದಾಗ ಒಳಗಿಂದ ದನಿ ಬಂತು: "ನೀನೇನಾ? ಬಂದ್ಯಾ? ಬಂದೇ ಬಿಟ್ಯಾ?" ದನಿಯಲ್ಲಿ ಅಳುವಿತ್ತು. ಇಬ್ಬರು ಮುದುಕರು ತಬ್ಬಿಕೊಂಡರು, ಅತ್ತರು, ಗ್ಲಾಸು ಎತ್ತಿದರು. ಆಮೇಲೆ ಗೋಡೆಯನ್ನು ಒಮ್ಮೆ ನೋಡಿಬರೋಣ ಎಂದು ಹಿತ್ತಿಲಿಗೆ ಹೋದರು. ಅಲ್ಲಿ ಜಗಳ ಮತ್ತೆ ಮೊದಲಿನಿಂದ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ಗಂಟೆ ನಾಲ್ಕಾಗಿತ್ತು.

ಅದೃಷ್ಟಕ್ಕೆ ಟ್ಯಾಕ್ಸಿ ಸಿಕ್ಕಿತು. ಕೇಬಲ್ ಕಾರಿನ ಸಾಲು ಚರ್ಚಿನ ಅಂಗಳದವರೆಗೆ ಬೆಳೆದಿತ್ತು. ಉಳಿದದ್ದು ಮೆಟ್ಟಿಲು, ಐನೂರೆಂಬತ್ತಕ್ಕೂ ಹೆಚ್ಚು, ಒಂದೊಂದರ ಮೇಲೂ ಹೇಸರಗತ್ತೆಗಳ ಹಸಿ ಹಸಿ ಆಶೀರ್ವಾದ. ನಾಲ್ಕು ಕಾಫಿ, ಐದು ಗ್ಲಾಸು ದ್ರಾಕ್ಷಾರಸ, ಮೂರು ಪಾಲು ಬೇಳೆಯನ್ನು ಹೊಟ್ಟೆಯಲ್ಲಿ ಕುಲುಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮ ಸ್ವತಂತ್ರ ಸಂಚಾರಿ ಬಂದರಿಗೆ ಬಂದು ಬಿದ್ದಾಗ ನಾಲ್ಕು ಮೂವತ್ತೆರಡು.

ಲಾಂಚು ದಡ ಬಿಟ್ಟು ಇಪ್ಪತ್ತು ಮಾರು ಹೋಗಿತ್ತು.

"ಮನೂಸೋಸ್! ಲೇ! ನಾನು ಕಣೋ!"

ಮನೂಸೋಸ್ ತಿರುಗಿ ನೋಡಿದ. ಗುರುತು ಹಿಡಿದ. ಟೋಪಿ ತೆಗೆದು, ಗುರುಗಳು ಕಲಿಸಿದಂತೆಯೇ, ಕೈಬೀಸಿದ.

"ನಿನ್ನ ಭಾವ ಕಣೋ, ಕತ್ತೆ!"

"ನಿಯಮ ನಿಮ್ದೇ ಭಾವ!" ಎಂದು ನೀರಿನ ಮೇಲಿಂದ ಉತ್ತರ ಬಂತು. ಬಂದರಿನ ಲಾಂಚಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆದರೆ ಲಾಂಚು ಮುಟ್ಟಿದ ಮೇಲೂ ಹಡಗು ಕದಲಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಸಿದೆರಿಸನ ಎದೆ ಉಬ್ಬಿತು. "ನೋಡ್ರೋ! ನನಗೇ ಕಾಯ್ತಿದಾರೆ!" ಎಂದು ತೋರಿಸಿದ. ಇಪ್ಪತ್ತೈದನೆಯ ನಿಮಿಷಕ್ಕೆ ಜ್ವಾಲಾಮುಖಿಯ ಕಡೆಯಿಂದ ಒಂದು ಮರದ ದೋಣಿ ನಿಧಾನವಾಗಿ ತೇಲಿ ಬಂದು ಹಡಗಿನ ಮಗ್ಗುಲಿಗೆ ನಿಂತಿತು. ಜನ ಹತ್ತಿದರು. ಹಡಗು ಕೂಗಿತು. ಸಿದೆರಿಸನ ಜೇಬಿನಲ್ಲಿ ಫೋನೂ ಕೂಗಿತು.

"ಎಲ್ಲಿದೀಯಾ?" ಎಂದಳು ಅಸಿಮಿನಾ.

"ಬಂದರಲ್ಲಿ!"

"ಅಲ್ಲೇನಿದೆ? ಕತ್ತೆ ಲದ್ದಿ ವಾಸನೆ."

"ಹಡಗು ನಿಲ್ಲಿಸೋಕೆ ಹೇಳೇ!"

"ಇಷ್ಟು ಹೊತ್ತೂ ನಿಂತೇ ಇತ್ತಲ್ಲ. ನನಗೋಸ್ಕರ." ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ನೆತ್ತಿ ಮೇಲೆ ಕಲ್ಲಿನ ಸಂದಿಂದ ಹಬೆ ಬರ್ತದೆ ಸಿದೆರಿಸ್. ಕೈ ಇಟ್ರೆ ಬೆಚ್ಚಗೆ. ಮೂವತ್ತೊಂದು ವರ್ಷ ಹಬೆಯಲ್ಲೇ ಬೆಂದವಳು ನಾನು. ಆದ್ರೆ ಈ ಹಬೆಯೊಳಗಿಂದ ಯಾರ ಬೆಡ್‌ಶೀಟೂ ಹೊರಗೆ ಬರ್ಲಿಲ್ಲ ಕಣೋ. ಕೂತ್ಬಿಟ್ಟೆ. ಗೈಡು ಹುಡುಗಿ ಎರಡು ಸಲ ಕರೆದ್ಲು, ಏಳೋಕೆ ಮನಸ್ಸಾಗ್ಲಿಲ್ಲ. ಆಮೇಲೆ ಅವಳೂ ಬಂದು ಪಕ್ಕದಲ್ಲಿ ಕೂತ್ಲು."

ಸಿದೆರಿಸ್ ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟ. ಕ್ಷೀಣವಾಗಿ ಕೇಳಿದ: "ನಾನು ಯಾವಾಗ ಹಡಗು ಹತ್ತೋದು?"

"ನಾಳೆ ನೋಡೋಣ" ಎಂದಳು ಅಸಿಮಿನಾ.

ಹಡಗು ಹೋಯಿತು. ಅದರೊಂದಿಗೆ ಅವನ ಬದಲಿ ಪ್ಯಾಂಟು, ರಕ್ತದೊತ್ತಡದ ಮಾತ್ರೆ, ಹಡಗಿನ ಕೋಣೆಯ ಬಾಲ್ಕನಿಯ ಎರಡು ಕುರ್ಚಿಗಳಲ್ಲಿ ಅವನದೊಂದು ಕೂಡ ಹೋದವು. ಅವನು ಬಸ್ಸಿನಲ್ಲಿ ಹಳ್ಳಿಗೆ ಮರಳಿ ತನ್ನ ಮನೆಯ ಬಾಗಿಲು ತಟ್ಟಿದ. ಜರ್ಮನ್ ಹೆಂಗಸು ಅವನದೇ ಕುರ್ಚಿಯಿಂದ ಎದ್ದು ಬಂದು, "ಅಬ್ಬಾ, ಬಂದ್ರಲ್ಲ! ಬಚ್ಚಲ ನಲ್ಲಿ ಸೋರ್ತಿದೆ" ಎಂದಳು. ಸಿದೆರಿಸ್ ಪಾನಾ ತೆಗೆದುಕೊಂಡು ಬಚ್ಚಲಿಗೆ ನಡೆದ. ಆ ನಲ್ಲಿ ಸೋರುತ್ತಿದೆ ಎಂದು ಅಸಿಮಿನಾ ಹೇಳಿ ಮೂರು ವರ್ಷವಾಗಿತ್ತು.

ಜರ್ಮನ್ ಗಂಡ ಬಾಗಿಲಲ್ಲಿ ನಿಂತು ಕೇಳಿದ: "ನಾಳೆ ಜ್ವಾಲಾಮುಖಿಗೆ ಹೋಗೋಣ ಅಂತಿದೀವಿ. ಪ್ಯಾಕೇಜಲ್ಲಿ ಹೋಗೋದು ವಾಸಿನಾ, ನಾವೇ ಹೋಗೋದಾ? ಮೇಲೆ ಏನಿದೆ?"

ಸಿದೆರಿಸ್ ಬಚ್ಚಲ ನೆಲದಲ್ಲಿ ಕೂತೇ ಯೋಚಿಸಿದ. ಹಡಗಿನ ಕೆಲಸವಿಲ್ಲದ ದಿನಗಳಲ್ಲಿ ಬಾಡಿಗೆಗೆ ಸಾವಿರಾರು ಜನರನ್ನು ಆ ಗುಡ್ಡದ ಬುಡಕ್ಕೆ ಒಯ್ದು ಇಳಿಸಿದ್ದ. ಒಂದು ಸಲವೂ ತಾನು ಲಾಂಚಿನಿಂದ ಇಳಿದು ಮೇಲೆ ಹತ್ತಿರಲಿಲ್ಲ.

"ನನ್ನ ಹೆಂಡ್ತಿನ ಕೇಳ್ಬೇಕು" ಎಂದ.

ಓದಿ ನಕ್ಕಿರಲ್ಲ? ಸಾಕು, ಈಗ ಪುಸ್ತಕ ಕೆಳಗಿಡಿ. ನಿಮ್ಮ ಮನೆಯಲ್ಲಿ ನಿಮ್ಮ ಬಟ್ಟೆ ಒಗೆಯುವವರು ಯಾರೋ, ಹೆಂಡತಿಯೋ, ತಾಯಿಯೋ, ಕೆಲಸದಾಕೆಯೋ, ಅವರ ಮುಂದೆ ಹೋಗಿ ನಿಂತು, ಈ ಊರಿನಲ್ಲಿ ನೀವು ಇನ್ನೂ ನೋಡದ ಜಾಗ ಯಾವುದು ಎಂದು ಕೇಳಿ. ಹೇಳಿದ ಮೇಲೆ ಅಲ್ಲೇನಿದೆ ಎನ್ನಬೇಡಿ. ಚಪ್ಪಲಿ ಹಾಕಿಕೊಳ್ಳಿ, ಹೊರಡಿ. ಇವತ್ತೇ.