ನನ್ನ ಅಳತೆ ಟೇಪು ಒಯ್ದ ಏಡಿಯವರಿಗೆ

ಮಾನ್ಯ ಏಡಿಯವರೇ,

ತಮ್ಮ ಎಂಟು ಕಾಲುಗಳಿಗೂ ಇಕ್ಕಳದಂಥ ಎರಡು ಕೈಗಳಿಗೂ ಬೇರೆ ಬೇರೆಯಾಗಿ ನಮಸ್ಕರಿಸಿ, ಈ ದ್ವೀಪದ ಕಡಲಂಚಿನಲ್ಲಿ ಹೆಂಡತಿಯೊಡನೆ ಸೇರಿ ಸ್ವಂತ ಕೈಯಿಂದ ಮನೆ ಕಟ್ಟಿಕೊಂಡ ನಿವೃತ್ತ ದರ್ಜಿಯಾದ ನಾನು, ಊರೆಲ್ಲ ಕೇಳುವಂತೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೊದಲ ತಪ್ಪು ನನ್ನದೇ. ಮೂವತ್ತೆಂಟು ವರ್ಷ ಬಟ್ಟೆ ಕತ್ತರಿಸಿದವನು ಮರವನ್ನೂ ಹಾಗೆಯೇ ಕತ್ತರಿಸಿದೆ. ಬೆಳೆಯುವ ಮಕ್ಕಳ ಅಂಗಿಗೆ ಸಡಿಲ ಬಿಡುವ ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲಿನ ಕೆಳಗೂ ಮೂರು ಬೆರಳು ಜಾಗ ಬಿಟ್ಟೆ. ಬಾಗಿಲು ಇದುವರೆಗೂ ಬೆಳೆದಿಲ್ಲ.

ಆ ಸಂದಿಯನ್ನೇ ಹೆಬ್ಬಾಗಿಲೆಂದು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡು, ದಿನವೂ ಕಾಫಿಯ ಹೊತ್ತಿಗೆ ಸರಿಯಾಗಿ ಅಡ್ಡಡ್ಡ ನಡೆದು ಬಂದು, ಒಂದು ದಿನ ಚಮಚ, ಇನ್ನೊಂದು ದಿನ ಸೋಪಿನ ಚೂರು, ಕಳೆದ ವಾರ ನನ್ನ ಹೆಂಡತಿಯ ಕಾಲಿನ ಹೆಬ್ಬೆರಳು ಹೀಗೆ ಸಿಕ್ಕಿದ್ದನ್ನೆಲ್ಲ ಹಿಡಿದ ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಹೆಬ್ಬೆರಳನ್ನು ಅಲ್ಲೇ ಬಿಟ್ಟುಹೋದದ್ದಕ್ಕೆ ಚಿರಋಣಿ.

ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ನನ್ನ ಹೆಂಡತಿ ಯಾವುದಕ್ಕೂ ಜಗ್ಗಿದವಳಲ್ಲ. ಅಂದು ಮಾತ್ರ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತ, "ಶುಕ್ರವಾರ ದೋಣಿ ಬರೋದ್ರೊಳಗೆ ಈ ಸಂದಿ ಮುಚ್ಚಬೇಕು ನೋಡಿ. ಇಲ್ಲಾಂದ್ರೆ ನಾನು ಅಕ್ಕನ ಮನೆಗೆ ಹೊರಟೆ. ನೀವೂ ನಿಮ್ಮ ಏಡೀನೂ ಸುಖವಾಗಿರಿ" ಎಂದು ಪೆಟ್ಟಿಗೆಯನ್ನೂ ಕೆಳಗಿಳಿಸಿದಳು. ಅವಳಿಲ್ಲದಿದ್ದರೆ ಈ ಮನೆ ನನ್ನ ಪಾಲಿಗೆ ಬರೀ ಹಲಗೆಗಳ ರಾಶಿ.

ಸರಿಯಾಗಿ ಗುರುವಾರವೇ ತಾವು ನನ್ನ ಟೇಪನ್ನು ಎಳೆದೊಯ್ದಿರಿ. ತಮ್ಮ ಸಂಸಾರಕ್ಕೆ ಅಂಗಿ ಹೊಲಿಸುವ ಆಲೋಚನೆಯಿದ್ದರೆ ಒಬ್ಬೊಬ್ಬರಿಗೆ ಎಷ್ಟು ತೋಳು ಬೇಕೆಂದು ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ.

ಟೇಪಿಲ್ಲದೆ ತಲೆಯ ಮೇಲೆ ಕೈಹೊತ್ತು ಕೂತ ನನ್ನನ್ನು ನೋಡಲಾರದೆ, ಶುಕ್ರವಾರ ಬೆಳಿಗ್ಗೆ ಅವಳೇ ನೆಲದ ಮೇಲೆ ಕೂತು, ಬಾಗಿಲಿನ ಅಗಲವನ್ನು ಗೇಣಿನಲ್ಲೂ ಸಂದಿಯನ್ನು ಬೆರಳಲ್ಲೂ ಅಳೆದು, ಹಲಗೆಗೆ ಗೆರೆ ಎಳೆದು, ಒಂದು ನೂಲೆಳೆಯಷ್ಟೂ ಸಡಿಲ ಬಿಡದಂತೆ ನನ್ನ ಎದುರಿಗೇ ನಿಂತು ಕೊಯ್ಯಿಸಿದಳು. ಬಾಗಿಲ ಬುಡಕ್ಕೆ ಬಡಿದ ಹಲಗೆ ಹೇಳಿ ಮಾಡಿಸಿದಂತೆ ಕೂತಿತು. ದೋಣಿ ಬಂದು, ಅವಳಿಲ್ಲದೆ ಹಿಂದಿರುಗಿತು. ಆದ್ದರಿಂದ ಟೇಪು ತಮ್ಮ ಬಳಿಯೇ ಇರಲಿ. ಈ ಮನೆಯಲ್ಲಿ ಇನ್ನು ಅಳೆಯುವವಳು ಅವಳು.

ಇಂತಿ, ಬಾಗಿಲ ಈಚೆಯಿಂದ,
ತಮ್ಮ ವಿಶ್ವಾಸಿ,
ನಿವೃತ್ತ ದರ್ಜಿ

ತಾ.ಕ. (ಇದು ಊರಿಗಲ್ಲ, ತಮಗೆ ಮಾತ್ರ): ಬಾಗಿಲೀಗ ಇರುವೆಗೂ ದಾರಿ ಬಿಡದಷ್ಟು ಬಿಗಿ. ಹಲಗೆ ಬಡಿಯುವಾಗ ತಾವು ಒಳಗೇ ಇದ್ದಿರೆಂಬುದು, ಒಲೆಯ ಹಿಂದೆ ಟೇಪಿನ ತುದಿ ಅಲುಗಾಡಿದಾಗ ಈಗಷ್ಟೇ ತಿಳಿಯಿತು. ಹೆಂಡತಿ ಇನ್ನೂ ನೋಡಿಲ್ಲ. ಮುಂದಿನ ದೋಣಿ ನಾಳೆಯೇ ಇದೆ. ಅದು ಹೋಗುವವರೆಗೆ ದಯವಿಟ್ಟು ಮಿಸುಕಾಡಬೇಡಿ.